ಒಂಬತ್ತು ಸಾವಿರ ಹಂಸಗಳು

ಆ ಫೆಬ್ರವರಿಯಲ್ಲಿ ಕಲಿಸ್ತ್ರಾತ್ ಒಂದೇ ಬೆಳಿಗ್ಗೆ ಒಂಬತ್ತು ಸಾವಿರ ಹಂಸಗಳನ್ನು ಬರೀ ಬಾಯಿಯ ಉಸಿರಿನಿಂದ ಬದುಕಿಸಿದ. ಸರೋವರ ಹೆಪ್ಪುಗಟ್ಟಿ, ಕಾಲು ಸಿಕ್ಕಿಕೊಂಡ ಹಂಸಗಳು ಸುಣ್ಣ ಬಳಿದ ಗೂಟಗಳ ಹಾಗೆ ದಿಗಂತದವರೆಗೂ ನಿಂತಿದ್ದವು. ಇವನ ಗಂಟಲಲ್ಲಿ ಪ್ಲಮ್ ಸಾರಾಯಿಯ ಬಿಸಿ ಇನ್ನೂ ಆರಿರಲಿಲ್ಲ. ಮೊಣಕಾಲೂರಿ ಒಂದೊಂದರ ಕಾಲಬಳಿ ‘ಹಾ’ ಎಂದು ಉಸಿರು ಬಿಟ್ಟ. ಮಂಜುಗಡ್ಡೆ ಬೆಣ್ಣೆಯಂತೆ ಕರಗಿತು. ಒಂಬತ್ತು ಸಾವಿರವೂ ಒಮ್ಮೆಗೇ ರೆಕ್ಕೆ ಬಡಿದು ಎದ್ದ ಗಾಳಿಗೆ ಕಾಮಿಶೋವ್ಕ ಹಳ್ಳಿಯ ಚರ್ಚಿನ ಗಂಟೆ ತಾನಾಗಿ ಮೊಳಗಿತು. ಪಾದ್ರಿ ನಿಲುವಂಗಿಯನ್ನು ಹಿಂದುಮುಂದಾಗಿ ತೊಟ್ಟು ಪ್ರಾರ್ಥನೆಗೆ ಓಡಿ ಬಂದರು. ಕೊನೆಯ ಹಂಸವಂತೂ ಉಪಕಾರ ತೀರಿಸಲು ಕಲಿಸ್ತ್ರಾತನ ಗಡ್ಡ ಕಚ್ಚಿ ಅವನನ್ನು ಕಪ್ಪು ಸಮುದ್ರದವರೆಗೆ ಮೆರವಣಿಗೆ ಮಾಡಿಸಿತು. ಗಡ್ಡ ಹೊಕ್ಕುಳ ದಾಟಿದ್ದು ಆಗಲೇ.

ಇದರಲ್ಲಿ ಒಂದಕ್ಷರವೂ ಸುಳ್ಳಿಲ್ಲ. ಸಾಕ್ಷಿ ಬೇಕಾದವರು ಕಲಿಸ್ತ್ರಾತನನ್ನೇ ಕೇಳಬಹುದು.

ಕಾಮಿಶೋವ್ಕದ ಅಂಗಡಿಯಲ್ಲಿ ಅವನು ಈ ಕಥೆಯನ್ನು ಹದಿನೈದು ದಿನಗಳಲ್ಲಿ ಮುನ್ನೂರು ಸಲ ಹೇಳಿದ್ದ. ಬ್ರೆಡ್ ಕೊಳ್ಳಲು ಬಂದವರು ಬ್ರೆಡ್ ಹಳಸುವವರೆಗೆ ನಿಂತು ಕೇಳಿದ್ದರು. ಮೊದಲ ದಿನ ಹಂಸಗಳು ತೊಂಬತ್ತೇ ಇದ್ದವು. ಆಮೇಲೆ ದಿನಕ್ಕಿಷ್ಟು ಬೆಳೆದವು.

ನಿಜವಾದ ಸರೋವರದಲ್ಲಿ ಮಾತ್ರ ಅವು ದಿನಕ್ಕಿಷ್ಟು ಕಡಿಮೆಯಾಗುತ್ತಿದ್ದವು. ಉತ್ತರದಿಂದ ಚಳಿಗಾಲ ಕಳೆಯಲು ಬಂದ ಹಂಸಗಳಿಗೆ ಹಕ್ಕಿಜ್ವರ ತಗುಲಿತ್ತು. ಕತ್ತು ತಿರುಚಿಕೊಂಡು ಒಂದೇ ಕಡೆ ಗಿರಗಿರ ಸುತ್ತಿ, ಸುಸ್ತಾಗಿ, ರೆಕ್ಕೆಯೊಳಗೆ ತಲೆಯಿಟ್ಟು ಮಲಗಿದವು ಏಳುತ್ತಿರಲಿಲ್ಲ. ಬಿಳಿ ಉಡುಪು ತೊಟ್ಟ ಜನ ದೋಣಿಗಳಲ್ಲಿ ಬಂದು ಹೆಣಗಳನ್ನು ಚೀಲಕ್ಕೆ ತುಂಬಿಕೊಂಡು ಹೋಗುತ್ತಿದ್ದರು. ಕಲಿಸ್ತ್ರಾತನನ್ನೂ ಆ ಕೆಲಸಕ್ಕೆ ಕರೆದಿದ್ದರು. ಮುಖವಾಡ ಗಡ್ಡದ ಮೇಲೆ ಬಿಗಿಯಾಗಿ ಕೂರಲಿಲ್ಲ. ಗಡ್ಡ ತೆಗೆಸು ಎಂದರು. ಅವರ ಪಂಥದಲ್ಲಿ ಅಪ್ಪ, ತಾತ, ಮುತ್ತಾತ ಯಾರೂ ಗಡ್ಡಕ್ಕೆ ಕತ್ತರಿ ತಾಗಿಸಿದವರಲ್ಲ. ಅದಿಲ್ಲದೆ ದೇವರೆದುರು ಹೋದರೆ ಆತ ಗುರುತು ಹಿಡಿಯುವುದು ಹೇಗೆ? ಕಲಿಸ್ತ್ರಾತ್ ಮನೆಗೆ ಬಂದುಬಿಟ್ಟ. ಹಾಗಾಗಿ ಅವರ ಪಟ್ಟಿಯ ಪ್ರಕಾರ ಅವನು ಒಂದು ಹಕ್ಕಿಯನ್ನೂ ಮುಟ್ಟಿರಲಿಲ್ಲ.

ಮೂರು ದಿನಗಳ ಹಿಂದೆ ಆಂಬುಲೆನ್ಸ್ ದೋಣಿ ಕಾಲುವೆಯ ಮಂಜು ಒಡೆಯುತ್ತ ಬಂದು ಅವನ ಹೆಂಡತಿ ಫೆವ್ರೋನಿಯಾಳನ್ನು ತುಲ್ಚಾ ಪಟ್ಟಣದ ಆಸ್ಪತ್ರೆಗೆ ಒಯ್ದಿತ್ತು. ಆಕೆಯ ಜ್ವರ ಎಷ್ಟಿತ್ತೆಂದರೆ, ಹಣೆಯ ಮೇಲೆ ಕೆಟಲ್ ಇಟ್ಟಿದ್ದರೆ ಚಹಾ ಕುದಿಯುತ್ತಿತ್ತು. ಉಸಿರು ಮಾತ್ರ ಮಗುವಿನ ಉಸಿರಿನಷ್ಟಾಗಿತ್ತು. ದೋಣಿ ಹತ್ತಿಸುವಾಗ ಅವಳು ಗಂಡನ ತೋಳು ಹಿಡಿದೆಳೆದು ಕಿವಿಯಲ್ಲಿ ಹೇಳಿದ್ದಳು:

“ಹಬೆಮನೆ ವಿಷ್ಯ ಬಾಯಿ ಬಿಟ್ಟೀಯ, ಜೋಕೆ. ನನ್ನ ಹೆಬ್ಬಾತುಗಳನ್ನ ಒಂದೂ ಬಿಡಲ್ಲ ಅವ್ರು. ಆಣೆ ಮಾಡು.”

ಅವನು ತಮ್ಮ ಪಂಥದ ರೂಢಿಯಂತೆ ಎದೆಯ ಮೇಲೆ ಎರಡು ಬೆರಳಿನಿಂದ ಶಿಲುಬೆ ಗುರುತು ಹಾಕಿ ಆಣೆ ಮಾಡಿದ್ದ. ಹಬೆಮನೆಯೆಂದರೆ ಅಂಗಳದ ಮೂಲೆಯಲ್ಲಿ ಹಬೆಸ್ನಾನಕ್ಕೆ ಕಟ್ಟಿದ ಪುಟ್ಟ ಕೋಣೆ.

ದೋಣಿ ಹೋದಂದಿನಿಂದ ಅವನಿಗೆ ಏನೂ ಅನ್ನಿಸುತ್ತಿರಲಿಲ್ಲ. ದುಃಖ ಬರುತ್ತದೆಂದು ಒಲೆಯ ಪಕ್ಕ ಕೂತು ಕಾದ, ಬರಲಿಲ್ಲ. ಮೀನಿನ ಸಾರಿಗೆ ಉಪ್ಪು ಹಾಕಿದೆನೋ ಇಲ್ಲವೋ ಎಂದು ನಾಲಿಗೆಗೆ ತಿಳಿಯಲಿಲ್ಲ. ಬೆಳಿಗ್ಗೆ ಹೆಬ್ಬಾತುಗಳನ್ನು ಕಾಲುವೆಗೆ ಬಿಟ್ಟ, ಸಂಜೆ ಒಳಗೆ ಕೂಡಿಹಾಕಿದ. ಅಂಗಡಿಗೆ ಹೋದರೆ ಬಾಯಿ ತಾನಾಗಿ ತೆರೆದುಕೊಂಡು ಒಂಬತ್ತು ಸಾವಿರ ಹಂಸಗಳನ್ನು ಹಾರಿಸುತ್ತಿತ್ತು. ಅವನು ದೂರದಲ್ಲೆಲ್ಲೋ ನಿಂತು ಆ ಬಾಯಿಯನ್ನು ನೋಡುತ್ತಿದ್ದ.

ನಾಲ್ಕನೆಯ ದಿನ ಮಧ್ಯಾಹ್ನ ಡಾಕ್ಟರ್ ಕೊರಿನಾ ಬಂದಳು. ಊರಿನ ಮನೆಮನೆಗೂ ಹೋಗಿ, ಯಾರು ಯಾವ ಹಕ್ಕಿ ಮುಟ್ಟಿದ್ದಾರೆ ಎಂದು ಬರೆದುಕೊಳ್ಳುವುದು ಅವಳ ಕೆಲಸ. ಜೊತೆಗೆ ಪಕ್ಕದ ಮನೆಯ ಪಾಂಫಿಲ್ ಬಂದ. ಅವನು ದಾರಿ ತೋರಿಸುತ್ತೇನೆಂದು ಹೊರಟವನು; ಅವನ ಮನೆಗೂ ಈ ಮನೆಗೂ ನಡುವೆ ಇದ್ದದ್ದು ಒಂದು ಜೊಂಡಿನ ಬೇಲಿ. ಐವತ್ತು ವರ್ಷಗಳಿಂದ ಕಲಿಸ್ತ್ರಾತನ ಕಥೆಗಳನ್ನು ನಂಬದೆ ಕೇಳುತ್ತ ಬಂದದ್ದೇ ಪಾಂಫಿಲನ ಸಾಧನೆ.

“ಕೂತ್ಕೊಳ್ಳಿ ಡಾಕ್ಟರಮ್ಮ,” ಎಂದ ಕಲಿಸ್ತ್ರಾತ್. “ಆ ಬೆಂಚಿನ ಮೇಲೆ ಹಿಂದೆ ಒಬ್ಬ ರಾಜ ಕೂತಿದ್ದ.”

“ರಾಜ ಅಲ್ಲಮ್ಮ, ದೋಣಿ ಇಂಜಿನ್ ರಿಪೇರಿಯವನು,” ಎಂದ ಪಾಂಫಿಲ್. “ಕುಡ್ದು ಅಲ್ಲಿಂದ ಬಿದ್ದ.”

ಡಾಕ್ಟರ್ ನಗಲಿಲ್ಲ. ಬೆಳಗಿನಿಂದ ಮೂವತ್ತು ಮನೆ ಮುಗಿಸಿದ್ದಳು. ಕೈಗವಸು ಬಿಚ್ಚಿ ಪುಸ್ತಕ ತೆರೆದಳು.

“ತಾತ, ನಿಮ್ಮ ಹೆಂಡತೀನ ನೋಡ್ತಿರೋ ಡಾಕ್ಟ್ರು ಇವತ್ತು ಬೆಳಿಗ್ಗೆ ನನಗೆ ಫೋನ್ ಮಾಡಿದ್ರು. ಎರಡೂ ಶ್ವಾಸಕೋಶ ತುಂಬ್ಕೊಂಡಿದೆ. ನ್ಯುಮೋನಿಯಾ ಔಷಧಿ ಕೊಡ್ತಿದ್ದಾರೆ, ಕೇಳ್ತಿಲ್ಲ. ಸತ್ತ ಹಕ್ಕಿ ಮುಟ್ಟಿದಾರಾ ಅಂತ ಕೇಳಿದ್ರೆ ಆಕೆ ಇಲ್ಲ ಅಂತ ತಲೆ ಆಡಿಸ್ತಾರಂತೆ. ಮುಟ್ಟಿದ್ದು ನಿಜ ಆದ್ರೆ ಬೇರೆ ಪರೀಕ್ಷೆ, ಬೇರೆ ಮಾತ್ರೆ. ಅದನ್ನ ಬೇಗ ಶುರು ಮಾಡ್ಬೇಕು. ಈಗಾಗ್ಲೇ ತಡ ಆಗಿದೆ. ಅದಕ್ಕೇ ನಿಮ್ಮನ್ನ ಕೇಳ್ತಿದೀನಿ.”

“ಅವಳು ಮಂಜು ಒಡ್ದು ನೀರಿಗೆ ಬಿದ್ಲು,” ಎಂದಿತು ಕಲಿಸ್ತ್ರಾತನ ಬಾಯಿ. “ಮೂರು ಗಂಟೆ ನೀರೊಳಗೇ ಇದ್ಲು. ಕೆಳಗೆ ಒಂದು ಬೆಕ್ಕುಮೀನು, ದೋಣಿಗಿಂತ ದೊಡ್ಡದು, ಅವಳನ್ನ ಬೆನ್ನ ಮೇಲೆ…”

“ತಾತ.”

“ಶೀತ ಆಯ್ತು ಅಷ್ಟೇ.”

“ಮನೇಲಿ ಸಾಕಿದ ಹಕ್ಕಿ ಏನಿವೆ?”

“ಹೆಬ್ಬಾತು. ನಾನೂರು.”

ಪಾಂಫಿಲ್ ಕೆಮ್ಮಿದ. ಕಿಟಕಿಯ ಆಚೆ ಅಂಗಳದಲ್ಲಿ ಹೆಬ್ಬಾತುಗಳು ತಮ್ಮಷ್ಟಕ್ಕೆ ತಾವು ಕೂಗಾಡುತ್ತಿದ್ದವು. ಡಾಕ್ಟರ್ ಅತ್ತ ಒಮ್ಮೆ ನೋಡಿ ಏನೋ ಬರೆದಳು. ಅವಳು ಬರೆದ ಅಂಕಿ ತುಂಬ ಚಿಕ್ಕದಿತ್ತು.

“ಹಗಲು ಕಾಲುವೆಗೆ ಬಿಡ್ತೀರಾ? ಕಾಡು ಹಕ್ಕಿಗಳ ಜೊತೆ ಸೇರ್ತವಾ?”

“ನಮ್ಮ ಹೆಬ್ಬಾತುಗಳು ಭಾರಿ ಜಂಬದವು. ಊರು ಬಿಟ್ಟು ಬಂದವ್ರ ಜೊತೆ ಮಾತಾಡಲ್ಲ.”

“ಈ ಚಳಿಗಾಲ ನೀವು ಎಷ್ಟು ಹಂಸ ಮುಟ್ಟಿದ್ರಿ? ಸತ್ತಿದ್ದು, ಬದುಕಿದ್ದು, ಎರಡೂ ಸೇರಿ.”

ಕಲಿಸ್ತ್ರಾತ್ ತನ್ನ ಕೈಗಳನ್ನು ನೋಡಿಕೊಂಡ. ಅವು ಮೇಜಿನ ಮೇಲೆ ಬೇರೆ ಯಾರದೋ ಕೈಗಳಂತೆ ಬಿದ್ದಿದ್ದವು.

“ಒಂದೂ ಇಲ್ಲ.”

ಡಾಕ್ಟರ್ ಸೊನ್ನೆ ಬರೆದಳು. ಪುಸ್ತಕ ಮುಚ್ಚಿ, ಕೈಗವಸು ಹಾಕಿಕೊಳ್ಳಲು ಶುರು ಮಾಡಿದಳು. ಪಾಂಫಿಲ್ ಮಾತ್ರ ಕೂತಲ್ಲಿಂದ ಏಳಲಿಲ್ಲ. ಗೆಳೆಯನ ಮುಖವನ್ನೇ ನೋಡುತ್ತಿದ್ದ. ಮೂರು ತಲೆಯ ಕರು ಹುಟ್ಟಿದ್ದರೂ ಅವನು ಹಾಗೆ ನೋಡುತ್ತಿರಲಿಲ್ಲ.

“ಏನಂದೆ?”

“ಕಿವಿ ಕೇಳ್ಸಲ್ವೇನೋ? ಒಂದೂ ಇಲ್ಲ ಅಂದೆ.”

“ಡಾಕ್ಟರಮ್ಮ, ಸ್ವಲ್ಪ ತಡೀರಿ,” ಎಂದ ಪಾಂಫಿಲ್. “ಇವ್ನು ಹುಟ್ಟಿದಾಗ ತನ್ನ ತೂಕ ಇಪ್ಪತ್ತು ಕಿಲೋ ಇತ್ತು ಅಂತಾನೆ. ಒಂದು ಸೊಳ್ಳೆ ಹೊಡೆದ್ರೆ ಮನೆಗೆ ಬರೋ ಹೊತ್ತಿಗೆ ಅದು ಕಾಡುಹಂದಿ ಆಗಿರತ್ತೆ. ಐವತ್ತು ವರ್ಷದಲ್ಲಿ ಇವನ ಬಾಯಿಂದ ಹತ್ತಕ್ಕಿಂತ ಕಡಿಮೆ ಲೆಕ್ಕ ನಾನು ಕೇಳಿಲ್ಲ. ನಿನ್ನೆ ಅಂಗಡೀಲಿ ಒಂಬತ್ತು ಸಾವಿರ ಹಂಸ ಅಂದ. ಇವತ್ತು ನೀವು ಕೇಳಿದ್ರೆ ಸೊನ್ನೆ.”

“ಅದು ಕಥೆ ಕಣೋ.”

“ಕಥೇನೇ. ನಿನ್ನ ಕಥೆಯೊಳಗೆ ಯಾವಾಗ್ಲೂ ಒಂದು ಕಾಳಾದ್ರೂ ಇರತ್ತೆ. ಬೆಕ್ಕುಮೀನು ದೋಣಿಯಷ್ಟಿತ್ತು ಅಂದ್ರೆ ಮೊಳ ಉದ್ದದ್ದೊಂದು ಸಿಕ್ಕಿತ್ತು ಅಂತ ನನಗೆ ಗೊತ್ತಾಗತ್ತೆ. ಒಂಬತ್ತು ಸಾವಿರ ಅಂದ್ರೆ… ಹತ್ತಾದ್ರೂ ಇರ್ಬೇಕು. ಸೊನ್ನೆ ಅಂದ್ರೆ ಏನು ಲೆಕ್ಕ ಹಾಕ್ಲಿ ನಾನು? ಹೇಳೋ.”

ಡಾಕ್ಟರ್ ಒಂದು ಕೈಗವಸು ಹಾಕಿಕೊಂಡು, ಇನ್ನೊಂದನ್ನು ಕೈಯಲ್ಲೇ ಹಿಡಿದು ನಿಂತಿದ್ದಳು.

“ಹೇಳಿದ್ರೆ ಹೆಬ್ಬಾತುಗಳನ್ನ ಕೊಲ್ತೀರಿ,” ಎಂದ ಕಲಿಸ್ತ್ರಾತ್.

“ಹೌದು,” ಎಂದಳು ಅವಳು. ಸುಳ್ಳು ಹೇಳಲಿಲ್ಲ. “ಅಕ್ಕಪಕ್ಕದ ಮನೆಯವನ್ನೂ.”

“ನನ್ನ ಕೋಳಿಗಳೂ ಹೋಗ್ತವಾ?” ಪಾಂಫಿಲ್ ಬೇಲಿಯ ಕಡೆ ತಿರುಗಿದ. ಇಪ್ಪತ್ತೆರಡು ಕೋಳಿಗಳೂ ಒಂದು ಹುಂಜವೂ ಅಲ್ಲಿ ಹಿಮ ಕೆದರುತ್ತಿದ್ದವು. ಅವುಗಳನ್ನು ಸ್ವಲ್ಪ ಹೊತ್ತು ನೋಡಿ, ಟೋಪಿ ತೆಗೆದು ಮೊಣಕಾಲ ಮೇಲಿಟ್ಟುಕೊಂಡ. “ಹೋಗ್ಲಿ. ಆ ಹುಂಜ ನಿನಗಿಂತ ದೊಡ್ಡ ಬಡಾಯಿಕೋರ. ಹೇಳೋ ಕಲಿಸ್ತ್ರಾತ್.”

“ಆಣೆ ಮಾಡಿದೀನಿ ಕಣೋ. ಅವಳಿಗೆ.”

“ಅವಳು ಸತ್ರೆ ಆಣೆ ಇಟ್ಕೊಂಡು ಉಪ್ಪಿನಕಾಯಿ ಹಾಕ್ತೀಯಾ?”

ಈ ಮಾತಿಗೆ ಎದೆಯೊಳಗೆ ಏನಾದರೂ ಆಗಬಹುದೆಂದು ಕಲಿಸ್ತ್ರಾತ್ ಕಾದ. ಏನೂ ಆಗಲಿಲ್ಲ. ಎದ್ದು ಮೂಲೆಯ ಪೆಟ್ಟಿಗೆ ತೆರೆದು ಎರಡು ದಿಂಬುಗಳನ್ನು ತಂದು ಮೇಜಿನ ಮೇಲಿಟ್ಟ. ಹೊಸ ಬಟ್ಟೆ, ಅಂಚಿಗೆ ಕೆಂಪು ಕಸೂತಿ. ಒಂದರ ಹೊಲಿಗೆ ಅರ್ಧಕ್ಕೆ ನಿಂತು, ಸೂಜಿ ಅದರಲ್ಲೇ ಇತ್ತು. ಡಾಕ್ಟರ್ ಥಟ್ಟನೆ ಎರಡು ಹೆಜ್ಜೆ ಹಿಂದೆ ಸರಿದು ಬಾಗಿಲು ಪೂರ್ತಿ ತೆರೆದಳು.

“ಈಸ್ಟರ್ ಕಳೆದ ಮೇಲೆ ಮೊಮ್ಮಗಳ ಮದ್ವೆ,” ಎಂದ. ಈಗ ಮಾತಾಡುತ್ತಿದ್ದುದು ಬಾಯಿಯಲ್ಲ, ಅವನೇ. ದನಿ ಅವನಿಗೇ ಹೊಸದಾಗಿ ಕೇಳಿಸಿತು. “ಫೆವ್ರೋನಿಯಾಗೆ ಅವಳಜ್ಜಿ ಹಂಸದ ತುಪ್ಪಳದ ದಿಂಬು ಕೊಟ್ಟು ಕಳಿಸಿದ್ಲು. ಅಂಥದ್ದೇ ಮೊಮ್ಮಗಳಿಗೂ ಕೊಡ್ಬೇಕು ಅಂತ ಇವಳಿಗೆ ಆಸೆ. ಹಂಸ ಕೊಲ್ಲೋದು ನಮ್ಮಲ್ಲಿ ಮಹಾಪಾಪ. ಯಾರೂ ಕೊಲ್ಲಲ್ಲ. ಆದ್ರೆ ಇವು ತಾವಾಗೇ ಸತ್ತು ಬಿದ್ದಿದ್ವಲ್ಲ. ನಾವು ಕೊಂದಿದ್ದಲ್ಲ. ಪಾಪ ಬರಲ್ಲ ಅಂತ ನಾನೇ ಅವಳಿಗೆ ಹೇಳ್ದೆ. ಬಿಳಿ ಉಡುಪಿನವ್ರು ಬರೋ ಮುಂಚೆ ಹೋಗಿ ಜಾರುಬಂಡಿ ಮೇಲೆ ಹಾಕಿ ಹಿಮದಲ್ಲಿ ಎಳ್ಕೊಂಡು ಬಂದೆ.”

“ಎಷ್ಟು?”

“ಹನ್ನೊಂದು.”

ಪಾಂಫಿಲ್ ತಲೆ ತಗ್ಗಿಸಿದ. ಅವನ ಅಂದಾಜು ಒಂದೇ ಒಂದರಿಂದ ತಪ್ಪಿತ್ತು.

“ಗರಿ ಕಿತ್ತಿದ್ದು ಎಲ್ಲಿ?”

“ಹಬೆಮನೇಲಿ. ಹೆಪ್ಪುಗಟ್ಟಿದ ಹಕ್ಕಿ, ಹಬೆ ಕೊಟ್ರೆ ಗರಿ ಸಲೀಸಾಗಿ ಬಿಡತ್ತೆ. ಒಲೆ ಹೊತ್ಸಿ, ಬಿಸಿ ಹೊರಗೆ ಹೋಗ್ದೆ ಇರ್ಲಿ ಅಂತ ಬಾಗ್ಲು ಹಾಕ್ಕೊಂಡು ಕೂತಿದ್ಲು. ಎರಡು ದಿನ. ತುಪ್ಪಳ ಹಬೇಲಿ ತೇಲ್ತಾ ಇತ್ತು. ಅವಳ ಮೂಗು, ಬಾಯಿ, ಹುಬ್ಬು ಎಲ್ಲಾ ಬೆಳ್ಳಗೆ. ಮುದುಕಿ ಆಗೋದಂದ್ರೆ ಇದೇ ಅಂತ ನಗಾಡಿದ್ಲು. ನಾನು ಹೊರಗೆ ಸೌದೆ ಒಡೀತಿದ್ದೆ. ಕಿಟಕಿ ತೆಗಿ ಅಂತ ಒಂದ್ಸಲಾನೂ ಹೇಳ್ಲಿಲ್ಲ.”

ಡಾಕ್ಟರ್ ಆಗಲೇ ಹೊಸ್ತಿಲಾಚೆ ನಿಂತು ಫೋನ್ ಕಿವಿಗಿಟ್ಟಿದ್ದಳು. ‘ಹೌದು, ಮುಟ್ಟಿದಾರೆ, ಹನ್ನೊಂದು ಹಂಸ, ಮುಚ್ಚಿದ ಕೋಣೆ, ಹಬೆ. ಮಾತ್ರೆ ಈಗ್ಲೇ ಶುರು ಮಾಡಿ, ಪರೀಕ್ಷೆಗೆ ಕಾಯ್ಬೇಡಿ’ ಎಂಬ ಮಾತುಗಳು ಒಳಕ್ಕೆ ಕೇಳಿಸಿದವು.

“ಬದುಕ್ತಾಳಾ?” ಅವಳು ಫೋನ್ ಇಳಿಸಿದ ಮೇಲೆ ಕಲಿಸ್ತ್ರಾತ್ ಕೇಳಿದ.

“ಗೊತ್ತಿಲ್ಲ ತಾತ. ಈಗ ಕೊಡ್ತಿದ್ದಾರೆ. ನೀವೂ ನನ್ನ ಜೊತೆ ದೋಣೀಲಿ ಬರ್ಬೇಕು, ನಿಮಗೂ ಪರೀಕ್ಷೆ ಆಗ್ಬೇಕು.” ಅವಳು ಪುಸ್ತಕ ಮತ್ತೆ ತೆರೆದಳು. “ಹೆಬ್ಬಾತು ನಿಜವಾಗಿ ಎಷ್ಟು?”

“ಹದಿನಾಲ್ಕು. ಕಾಲಿಗೆ ನೀಲಿ ದಾರ ಕಟ್ಟಿರೋದು ಅವಳ ಮುದ್ದಿನದು. ಅದನ್ನ ಕೊನೆಗೆ…” ಅವನು ಮಾತು ಬಿಟ್ಟುಬಿಟ್ಟ. “ಯಾವಾಗಾದ್ರೂ ಮಾಡಿ.”

“ಒಂಬತ್ತು ಸಾವಿರದ ಕಥೆ?” ಎಂದ ಪಾಂಫಿಲ್. ಈ ಸಲ ಅವನು ಛೇಡಿಸುತ್ತಿರಲಿಲ್ಲ. “ಉಸಿರು ಬಿಟ್ಟು ಬದುಕಿಸ್ದೆ ಅಂತಿದ್ಯಲ್ಲ. ಅದೂ ಪೂರ್ತಿ ಸುಳ್ಳಾ?”

ಕಲಿಸ್ತ್ರಾತ್ ಗಡ್ಡವನ್ನು ಮುಷ್ಟಿಯಲ್ಲಿ ಹಿಡಿದುಕೊಂಡ.

“ಒಂದು,” ಎಂದ. “ಹನ್ನೊಂದರಲ್ಲಿ ಒಂದು ಇನ್ನೂ ಜೀವ ಇಟ್ಕೊಂಡಿತ್ತು. ಕಾಲು ಮಂಜಿನೊಳಗಿತ್ತು. ಮೊಣಕಾಲೂರಿ ಉಸಿರು ಬಿಟ್ಟೆ, ಕೈಯಿಂದ ಉಜ್ಜಿದೆ. ಸ್ವಲ್ಪ ಕರಗಿತು. ಎತ್ತಿ ಎದೆಗಿಟ್ಕೊಂಡೆ, ಗಡ್ಡದೊಳಗೆ ತಲೆ ತೂರಿಸ್ತು. ಹಾರತ್ತೆ ಅಂದ್ಕೊಂಡೆ. ಹಾರ್ಲಿಲ್ಲ ಕಣೋ. ಜಾರುಬಂಡಿ ಹತ್ರ ಬರೋದ್ರೊಳಗೆ ಕತ್ತು ಜೋತು ಬಿತ್ತು. ಅದನ್ನೂ ಉಳಿದವುಗಳ ಜೊತೇಲೇ ಹಾಕ್ದೆ.”