ದುರ್ಬೀನಿಗೆ ದೊಡ್ಡ ಪರದೆ

ಔಷಧಿ ಡಬ್ಬಿಯೊಳಗೆ ಮಡಿಚಿಡುವ ಸಣ್ಣಕ್ಷರದ ಚೀಟಿಗಳನ್ನು ಅಚ್ಚು ಹಾಕುವ ಮುದ್ರಣಾಲಯದಲ್ಲಿ ಅವನು ಕರಡು ತಿದ್ದುವವನು. ಅವನ ಕಣ್ಣು ತಪ್ಪಿಸಿ ಒಂದು ಚುಕ್ಕೆಯೂ ಆಚೆ ಹೋಗುತ್ತಿರಲಿಲ್ಲ. ಹಾಗಾಗಿ ಅಲ್ಲಿ ಎಲ್ಲರಿಗೂ ಅವನು ‘ದುರ್ಬೀನು’. ಹೆಸರಿಟ್ಟವನು ಮಾಲೀಕನೇ.

ಆ ದುರ್ಬೀನಿನ ನೋಟದ ನಟ್ಟನಡುವೆ ಈಚೆಗೆ ಮಸಿ ಚೆಲ್ಲಿದಂಥ ಕಲೆಯೊಂದು ಬಂದು ಕೂತಿತ್ತು. ಸುತ್ತಮುತ್ತಲಿನದೆಲ್ಲ ಕಾಣುತ್ತಿತ್ತು, ನೋಡಬೇಕೆಂದ ಅಕ್ಷರವೇ ಮಾಯ. ಒಮ್ಮೆ ಮಕ್ಕಳ ಸಿರಪ್ಪಿನ ಚೀಟಿಯಲ್ಲಿ ಸೊನ್ನೆಯೂ ಚುಕ್ಕೆಯೂ ಬಿಟ್ಟುಹೋಗಿ, ಅರ್ಧ ಮಿಲಿ ಎಂದಿರಬೇಕಾದದ್ದು ಐದು ಮಿಲಿ ಆಗಿತ್ತು. ಅಚ್ಚಿಗೆ ಹೋಗುವ ಮೊದಲೇ ಔಷಧಿ ಕಂಪನಿಯವರ ಕಣ್ಣಿಗೆ ಬಿದ್ದದ್ದು ಪುಣ್ಯ. “ದುರ್ಬೀನಿಗೂ ತೂಕಡಿಕೆ ಬರುತ್ತಪ್ಪಾ!” ಎಂದು ಎಲ್ಲರೂ ನಕ್ಕರು. ಅವನೂ ಹಲ್ಲು ಕಿರಿದ.

ಮಂಡಿನೋವಿನ ನೆಪ ಹೇಳಿ ಮನೆಯಿಂದಲೇ ಕೆಲಸ ಮಾಡಲು ಒಪ್ಪಿಗೆ ಪಡೆದ. ಮನೆಯಲ್ಲಿ ಕಂಪ್ಯೂಟರಿನ ಮಾನಿಟರ್ ಸುಟ್ಟುಹೋಯಿತೆಂದು ಸುಳ್ಳು ಹೇಳಿ ಅದನ್ನು ಅಟ್ಟಕ್ಕೆ ಹಾಕಿದ. ಗೋಡೆಯ ಮೇಲಿದ್ದ ಟೀವಿಯನ್ನು ಇಳಿಸಿ, ಮೇಜಿನ ಮೇಲೆ ನಿಲ್ಲಿಸಿ, ಕೇಬಲ್ಲು ಸಿಕ್ಕಿಸಿದ. ಅಂಗೈಯಗಲದ ಅಕ್ಷರಗಳಲ್ಲಿ ಕಲೆಯ ಅಂಚಿನಾಚೆ ಒಂದಿಷ್ಟಾದರೂ ಉಳಿಯುತ್ತಿತ್ತು. ಉಳಿದದ್ದರಿಂದ ಪೂರ್ತಿಯನ್ನು ಊಹಿಸಿಕೊಳ್ಳುತ್ತಿದ್ದ.

ಸಂಕಟಕ್ಕೆ ಸಿಕ್ಕವಳು ಅವನ ತಾಯಿ. “ಏನೋ ಇದು, ಬೆಳಗಿಂದ ಬರೀ ಅಕ್ಷರ? ಈ ಧಾರಾವಾಹೀಲಿ ಒಬ್ಬರಾದ್ರೂ ಅಳಲ್ವಾ?” ಎಂದು ಗೊಣಗುತ್ತಿದ್ದಳು.

ಹೀಗೆ ಬಂಡಿ ಹೇಗೋ ಉರುಳುತ್ತಿದ್ದಾಗ ಮಾಲೀಕನ ಫೋನು ಬಂತು. “ಹೃದಯದ ಮಾತ್ರೆ ಚೀಟಿ ಕಣಯ್ಯಾ. ಫೈಲು ಹೊರಗೆ ಕಳಿಸೋ ಹಾಗಿಲ್ಲ. ನಾಳೆ ಕಂಪನಿಯವರ ಮುಂದೇನೇ ನೋಡಿ ಸಹಿ ಹಾಕ್ಬೇಕು. ಮಂಡಿ ಗಿಂಡಿ ಅನ್ಬೇಡ, ಬಾ.”

ಸಮವಸ್ತ್ರ ಹೊಲಿಯುವ ಕಾರ್ಖಾನೆಯಿಂದ ಹೆಂಡತಿ ಬಂದು ಚಪ್ಪಲಿ ಬಿಡುವಷ್ಟರಲ್ಲಿ ಇನ್ನೊಂದು ಸುಳ್ಳು ಸಿದ್ಧವಾಗಿತ್ತು. “ಆಫೀಸಲ್ಲೂ ಮಾನಿಟರುಗಳೆಲ್ಲ ಕೆಟ್ಟಿವೆಯಂತೆ. ನಮ್ಮ ಟೀವಿ ತಗೊಂಡು ಹೋಗ್ಬೇಕು. ನೀನೂ ಒಂದು ಕೈ ಹಿಡಿ.”

“ಎಲ್ಲವೂ ಒಟ್ಟಿಗೇ ಕೆಟ್ವಾ?” ಎಂದಳು ಅವಳು. ಮುಂದೆ ಕೆದಕಲಿಲ್ಲ. ಮರುದಿನ ರಜೆ ಹಾಕಿದಳು. ಟೀವಿಗೆ ಹಳೆಯ ಹೊದಿಕೆ ಸುತ್ತಿ, ಬಾಡಿಗೆ ಗಾಡಿಯಲ್ಲಿ ತೊಡೆಯ ಮೇಲೆ ಅಡ್ಡ ಮಲಗಿಸಿಕೊಂಡು, ಪ್ರತಿ ಗುಂಡಿಗೂ ಉಸಿರು ಬಿಗಿಹಿಡಿದು ಇಬ್ಬರೂ ಮುದ್ರಣಾಲಯ ತಲುಪಿದರು.

ಒಳಗೆ ಪ್ರತಿ ಮೇಜಿನ ಮೇಲೂ ಒಂದೊಂದು ಮಾನಿಟರ್ ಥಳಥಳ ಹೊಳೆಯುತ್ತಿತ್ತು. ಹೆಂಡತಿ ಅವುಗಳ ಮೇಲೆಲ್ಲ ಕಣ್ಣಾಡಿಸಿ ಕೊನೆಗೆ ಗಂಡನ ಮುಖ ನೋಡಿದಳು. ಅವನು ಹೊದಿಕೆಯ ಗಂಟು ಬಿಚ್ಚುವುದರಲ್ಲೇ ಮುಳುಗಿದ.

“ಏನಯ್ಯಾ, ಸಿನಿಮಾ ತೋರಿಸ್ತೀಯಾ?” ಮಾಲೀಕ ನಕ್ಕ. ಪಕ್ಕದಲ್ಲಿದ್ದ ಕಂಪನಿಯ ಅಧಿಕಾರಿಣಿ ನಗಲಿಲ್ಲ.

“ದೊಡ್ಡದ್ರಲ್ಲಿ ತಪ್ಪು ಬೇಗ ಸಿಗುತ್ತೆ ಸಾರ್,” ಎಂದ ಅವನು.

ಆಫೀಸಿನ ಕಂಪ್ಯೂಟರಿಗೆ ಟೀವಿ ಸಿಕ್ಕಿಸಿದಾಗ ಚಿತ್ರವೇನೋ ಬಂತು, ಆದರೆ ನಾಲ್ಕೂ ಅಂಚು ಕತ್ತರಿಸಿದ ಹಾಗೆ. ಎಡಗಡೆಯ ಅಂಕಿಗಳೆಲ್ಲ ಚೌಕಟ್ಟಿನಾಚೆ. ಮನೆಯಲ್ಲಿ ಪಕ್ಕದ ಮನೆಯ ಮೆಕ್ಯಾನಿಕ್ಕು ಸರಿಮಾಡಿ ಕೊಟ್ಟಿದ್ದ. ಇಲ್ಲಿ ಕೇಬಲ್ಲು ಬೇರೆ ಕಿಂಡಿಗೆ ಹೋಗಿತ್ತು, ಮತ್ತೆ ಮೊದಲಿಂದ ಹೊಂದಿಸಬೇಕು. ರಿಮೋಟು ಒತ್ತಿದ. ಆಯ್ಕೆಗಳ ಪಟ್ಟಿ ತೆರೆದುಕೊಂಡಿತು. ಕಂಪ್ಯೂಟರಿನ ಅಕ್ಷರವನ್ನು ಎಷ್ಟು ಬೇಕಾದರೂ ಹಿಗ್ಗಿಸಬಹುದು, ಟೀವಿಯ ಸ್ವಂತ ಪಟ್ಟಿಯನ್ನು ಹಿಗ್ಗಿಸುವುದು ಹೇಗೆ? ನೋಡಿದ ಕಡೆಯೆಲ್ಲ ಮಸಿ. ಅಂದಾಜಿನಲ್ಲಿ ಒತ್ತಿದ, ಪರದೆ ಹಳದಿಯಾಯಿತು. ಮತ್ತೆ ಒತ್ತಿದ, ಕತ್ತಲಾಯಿತು.

“ಏನ್ರೀ ಆಯ್ತು?” ಎಂದಳು ಅಧಿಕಾರಿಣಿ.

ಗೋಡೆಗೆ ಒರಗಿ ನಿಂತಿದ್ದ ಹೆಂಡತಿ ಬಂದು ರಿಮೋಟು ಕಿತ್ತುಕೊಂಡಳು. “ಏನು ಹುಡುಕ್ಬೇಕು ಹೇಳಿ. ನಾನು ಓದ್ತೀನಿ.”

“ಪರದೆಯ ಅಳತೆ ಅಂತ ಇರುತ್ತೆ,” ಎಂದ, ಅವಳಿಗಷ್ಟೇ ಕೇಳುವ ಹಾಗೆ.

ಅವಳು ಒಂದೊಂದೇ ಓದುತ್ತಾ ಹೋದಳು. ಬೆಳಕೂ ಬಣ್ಣವೂ ಅಂಚುಗಳೂ ಮರಳಿ ಬಂದವು. ಅವನು ಕುರ್ಚಿ ಎಳೆದುಕೊಂಡು, ಮೂಗು ಗಾಜಿಗೆ ತಾಗುವಷ್ಟು ಹತ್ತಿರ ಕೂತು ಓದತೊಡಗಿದ. ಮೊದಲ ಪುಟ ದಾಟಿತು. ಎರಡನೆಯದರಲ್ಲಿ, ಮುದುಕರಿಗೆ ಎಷ್ಟು ಮಾತ್ರೆ ಎಂಬ ಕೋಷ್ಟಕದ ಹತ್ತಿರ ಬಂದು ನಿಂತ. ಅದು ಮೂರೋ ಎಂಟೋ? ತಲೆ ಎಡಕ್ಕೆ ವಾಲಿಸಿದ, ಬಲಕ್ಕೆ ವಾಲಿಸಿದ. ಅಕ್ಷರ ಇನ್ನೂ ಹಿಗ್ಗಿಸಿದ. ಅಂಕಿ ಕುಂಬಳಕಾಯಿಯಷ್ಟಾಯಿತು, ಕಲೆ ಮಾತ್ರ ಅದರ ಹೊಟ್ಟೆಯ ಮೇಲೆಯೇ ಕೂತಿತ್ತು.

ಮಾಲೀಕ ಪೆನ್ನಿನ ಮುಚ್ಚಳ ತೆಗೆದು ಚಾಚಿದ. “ಸರಿ ಇದೆ ತಾನೇ? ಹಾಕು ಸಹಿ.”

ಹಾಕಿಬಿಡಬಹುದಿತ್ತು. ಬಹುಶಃ ಸರಿಯೇ ಇದ್ದೀತು. ಯಾವುದೋ ಮನೆಯಲ್ಲಿ ತನ್ನ ತಾಯಿಯಂಥ ಒಬ್ಬಳು ಈ ಚೀಟಿ ಬಿಡಿಸಿ, ಮೂರು ನುಂಗುವ ಬದಲು ಎಂಟು ನುಂಗಿದರೆ? ಚಾಚಿದ ಪೆನ್ನನ್ನು ಹಿಂದಕ್ಕೆ ತಳ್ಳಿದ.

“ನನ್ನ ಕೈಲಾಗಲ್ಲ ಸಾರ್. ಕಣ್ಣು ಹೋಗಿದೆ. ಬೇರೆಯವರ ಹತ್ರ ನೋಡಿಸಿ. ನಾನು ಮೊನ್ನೆ ಮೊನ್ನೆ ನೋಡಿದ್ದನ್ನೂ ಇನ್ನೊಂದು ಸಲ ನೋಡಿಸಿ.”

ಮಾಲೀಕ ಬೈದ ಬೈಗುಳ ಇಡೀ ಹಾಲಿಗೆ ಕೇಳಿಸಿತು. ಇಷ್ಟು ದಿನ ಬಾಯಿಗೆ ಬೀಗ ಹಾಕಿಕೊಂಡಿದ್ದೆಯಾ ಎಂದ. ನನ್ನ ಮರ್ಯಾದೆ ಮಣ್ಣುಪಾಲು ಮಾಡಿದೆ ಎಂದ. ಇನ್ನು ಈ ಕಡೆ ತಲೆ ಹಾಕಬೇಡ ಎಂದ. ಅವನು ಟೀವಿಗೆ ಮತ್ತೆ ಹೊದಿಕೆ ಸುತ್ತಿದ.

ಹೊರಗಿನ ಮೆಟ್ಟಿಲ ಮೇಲೆ ಟೀವಿಯನ್ನು ನಡುವೆ ನಿಲ್ಲಿಸಿಕೊಂಡು ಕೂತರು.

“ಯಾವಾಗಿಂದ?” ಎಂದಳು.

“ಚಳಿಗಾಲದಿಂದ.”

“ಡಾಕ್ಟರಿಗೆ ತೋರಿಸ್ಲಿಲ್ಲ?”

“ತೋರಿಸಿದ್ರೆ ಹೌದು ಅಂದ್ಬಿಡ್ತಾರಲ್ಲ.”

“ದಿನಾ ಸೂಜಿಗೆ ದಾರ ಪೋಣಿಸೋ ಹೆಂಡತಿ ಮನೇಲಿದ್ದಾಳೆ. ಕಣ್ಣು ಮಂಜಾಗೋದು ಅಂದ್ರೇನು ಅಂತ ನಂಗೆ ಗೊತ್ತಾಗ್ತಿರಲಿಲ್ವೇನ್ರೀ? ಒಂದು ಮಾತು...” ಸೆರಗಿನಿಂದ ಮುಖ ಉಜ್ಜಿಕೊಂಡು ಎದ್ದಳು. “ಏಳಿ. ಈಗ್ಲೇ ಹೋಗೋಣ.”

ಕಣ್ಣಾಸ್ಪತ್ರೆಯ ಕಾಯುವ ಕೋಣೆಯಲ್ಲಿ ಟೀವಿಗೂ ಒಂದು ಕುರ್ಚಿ ಬೇಕಾಯಿತು. ಸಾಲಿನಲ್ಲಿದ್ದವರು ಅದನ್ನೂ ರೋಗಿಯಂತೆ ನೋಡಿದರು. ಡಾಕ್ಟರು ದೀಪ ಬಿಟ್ಟು, ಹನಿ ಹಾಕಿ, ಬಹಳ ಹೊತ್ತು ನೋಡಿದರು. ಎಡಗಣ್ಣಿನ ನಡುನೋಟ ಹೋಯಿತು, ಮರಳುವುದಿಲ್ಲ. ಬಲಗಣ್ಣಿಗೆ ಇಂಜೆಕ್ಷನ್ ಕೊಟ್ಟು ಇದ್ದಷ್ಟನ್ನು ಹಿಡಿದಿಡಬಹುದೇನೋ. ಮೊದಲೇ ಬಂದಿದ್ದರೆ ಎಂದು ಶುರುಮಾಡಿದವರು ಅವಳ ಮುಖ ನೋಡಿ ಅಲ್ಲಿಗೇ ನಿಲ್ಲಿಸಿದರು.

“ಓದೋದು?” ಅವನು ಕೇಳಿದ.

“ದೊಡ್ಡ ಅಕ್ಷರ, ಸ್ವಲ್ಪ ಹೊತ್ತು. ಆ ಕೆಲಸ ಮಾತ್ರ ಇನ್ನು ಬೇಡ.”

ಅವನು ತಲೆಯಾಡಿಸಿದ. ಹನಿ ಹಾಕಿದ ಕಣ್ಣಿಗೆ ಲೋಕವೆಲ್ಲ ಬೆಳ್ಳಗೆ ಕರಗಿತ್ತು. ಬಾಗಿಲ ಚೌಕಟ್ಟು ಹುಡುಕುತ್ತಾ ಕೋಣೆಯ ನಡುವೆಯೇ ನಿಂತುಬಿಟ್ಟ. ಇನ್ನೇನು ಅಳುತ್ತಾನೆ ಅನ್ನುವಾಗ ಆಗಲೇ ಟೀವಿಯ ಬಳಿ ಹೋಗಿದ್ದ ಹೆಂಡತಿಯ ದನಿ ಹೊರಗಿನಿಂದ ಬಂತು.

“ಬನ್ರೀ, ಒಂದು ತುದಿ ಹಿಡ್ಕೊಳ್ಳಿ. ನಂಗೊಬ್ಳಿಗೇ ಎತ್ತಕ್ಕಾಗಲ್ಲ.”

ದನಿ ಬಂದ ಕಡೆಗೆ ಅವನು ಕೈ ಚಾಚಿಕೊಂಡು ನಡೆದ.