ಸುಬ್ಬನ ಸನ್ಮಾನಪತ್ರ

ನಮ್ಮ ಸೇವಾ ಸಂಘದ ಸನ್ಮಾನಪತ್ರಗಳನ್ನು ಹನ್ನೆರಡು ವರ್ಷದಿಂದ ನಾನೇ ಬರೆಯುತ್ತಿದ್ದೇನೆ. ನಿವೃತ್ತ ಕನ್ನಡ ಮಾಸ್ತರನಿಗೆ ಹೊನ್ನಾವರದಲ್ಲಿ ಬೇರೆ ಕೆಲಸವೇನಿದೆ? ಜಿಪುಣ ವರ್ತಕನನ್ನು ಕೊಡುಗೈ ದಾನಿ ಮಾಡಿದ್ದೇನೆ, ಸಿಡುಕು ಡಾಕ್ಟರನ್ನು ಕರುಣಾಮೂರ್ತಿ ಮಾಡಿದ್ದೇನೆ. ಅದರಿಂದ ಯಾರಿಗೂ ಕೆಡುಕಾಗಿರಲಿಲ್ಲ.

ಈ ಸಲ ಆರಿಸಿದ್ದು ಸುಬ್ಬನನ್ನು. ಶರಾವತಿ ಅಳಿವೆಯಲ್ಲಿ ಮುಳುಗಿ ಚಿಪ್ಪಿ ತೆಗೆಯುವವನು. ಯಾರಾದರೂ ನೀರುಪಾಲಾದರೆ ಊರವರು ಮೊದಲು ಅವನಿಗೇ ಹೇಳಿಕಳಿಸುತ್ತಾರೆ. ವಿವರ ಕೇಳಲು ಹೋದಾಗ ಅವನು ಮುಚ್ಚುಮರೆಯಿಲ್ಲದೆ ಹೇಳಿದ್ದ.

“ಮೂವತ್ತೊಂದು ಹೆಣ ತೆಗ್ದಿದ್ದೆ ಮಾಸ್ತರ್ರೇ. ಜೀವ ಇದ್ದದ್ದು ಒಂದೂ ಸಿಕ್ಕಲಿಲ್ಲ. ನಂಗೆ ಹೇಳಿಕಳ್ಸುವಷ್ಟೊತ್ತಿಗೆ ಎಲ್ಲಾ ಮುಗ್ದಿರ್ತದೆ.”

ಸಂಘದ ಅಧ್ಯಕ್ಷ ವಿಶ್ವನಾಥರು ಕರಡು ಓದಿ ಮುಖ ಸಿಂಡರಿಸಿದರು. “ದೀಪ ಹಚ್ಚುವ ವೇದಿಕೆ. ಹೆಣ ಗಿಣ ಅಂತ ಎಂತಕ್ಕೆ? ಸ್ವಲ್ಪ ಮಂಗಳಕರ ಮಾಡಿ.”

ಮಾಡಿದೆ. ‘ಮೂವತ್ತೊಂದು ಜೀವಗಳನ್ನು ಉಳಿಸಿದ ಜೀವರಕ್ಷಕ’ ಎಂದು ಬರೆದೆ. ಬ್ಯಾನರಿನಲ್ಲೂ ಕರಪತ್ರದಲ್ಲೂ ಅದೇ ಅಚ್ಚಾಯಿತು. ಸುಬ್ಬನಿಗೆ ಓದಲು ಬರುವುದಿಲ್ಲ. ಅವನನ್ನು ಒಂದು ಮಾತು ಕೇಳಬೇಕೆಂದು ನನಗೆ ಅನಿಸಲೂ ಇಲ್ಲ.

ಸಮಾರಂಭದಲ್ಲಿ ಅವನಿಗೆ ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟರು. ನಾನು ಪತ್ರ ಓದಿದೆ. ‘ಉಳಿಸಿದ’ ಎನ್ನುವಾಗ ಅವನು ತಲೆಯೆತ್ತಿ ನನ್ನನ್ನೇ ನೋಡಿದ. ಚಪ್ಪಾಳೆ ಬಿತ್ತು. ಅಷ್ಟರಲ್ಲಿ ಹೆಂಗಸೊಬ್ಬಳು ವೇದಿಕೆಯತ್ತ ಬಂದಳು. ಸನ್ಮಾನಿತರ ಮನೆಯವರನ್ನು ಫೋಟೋಕ್ಕೆ ಕರೆಯುವುದು ನಮ್ಮ ಪದ್ಧತಿ. ಅವಳು ಸುಬ್ಬನ ಹೆಂಡತಿಯೆಂದೇ ತಿಳಿದು ವಿಶ್ವನಾಥರು ಮೇಲೆ ಕರೆದರು.

ಅವಳು ಹೊನ್ನಿ. ಅವಳ ಗಂಡ ಮಾದೇವ ಇಪ್ಪತ್ತು ದಿನದ ಹಿಂದೆ ದೋಣಿ ಮಗುಚಿ ಕಾಣೆಯಾಗಿದ್ದ. ಸುಬ್ಬ ನಾಲ್ಕು ದಿನ ಹುಡುಕಿದರೂ ಹೆಣ ಸಿಕ್ಕಿರಲಿಲ್ಲ. ಅವಳ ಕೈಯಲ್ಲಿ ಒಗೆದು ಮಡಚಿದ ಲುಂಗಿ, ಅಂಗಿ ಇದ್ದವು.

“ಸುಬ್ಬಣ್ಣಾ, ಕಾಗ್ದ ಓದಿಸ್ಕಂಡೆ. ಮೂವತ್ತೊಂದು ಜನ್ರ ಉಳ್ಸಿದ್ಯಂತೆ. ನಮ್ಮನೆಯವ್ರ ಯಾವ ಆಸ್ಪತ್ರೆಲಿ ಇಟ್ಟೆ? ಉಟ್ಕಳೂಕೆ ಬಟ್ಟೆ ತಂದೆ.”

ಮೈಕು ನನ್ನ ಕೈಯಲ್ಲಿತ್ತು. ಒಂದು ಮಾತು ಸಾಕಿತ್ತು. ಮಾನ ಹೋಗುತ್ತದೆಂದು ಹೆದರಿ ಮೈಕು ಆರಿಸಿದೆ.

ಸುಬ್ಬನೇ ಹೇಳಿದ. “ನಾ ಯಾರ್ನೂ ಉಳ್ಸಲಿಲ್ಲ ತಂಗೀ. ತೆಗ್ದದ್ದೆಲ್ಲಾ ಹೆಣ. ಮಾದೇವ ಹಂಗೂ ಸಿಕ್ಕಲಿಲ್ಲ.”

ಹೊನ್ನಿ ಬ್ಯಾನರು ತೋರಿಸಿದಳು. “ಇಷ್ಟು ದೊಡ್ಡದಾಗಿ ಬರ್ದಾರೆ. ಓದ್ದವ್ರು ಸುಳ್ಳು ಬರೀತ್ರಾ? ನೀನೇ ಎಂತದೋ ಮುಚ್ಚಿಡ್ತೆ.”

ಸುಬ್ಬ ನನ್ನತ್ತ ಬೆರಳು ತೋರಿಸಬಹುದಿತ್ತು. ತೋರಿಸಲಿಲ್ಲ. ಶಾಲು ತೆಗೆದು ಕುರ್ಚಿಯ ಮೇಲಿಟ್ಟು ಇಳಿದುಹೋದ.

ಮರುದಿನದಿಂದ ಅವಳು ಬೆಳಗಾದರೆ ಅವನ ಬಾಗಿಲಲ್ಲಿ ಕೂತು, ಗಂಡನನ್ನು ಎಲ್ಲಿಟ್ಟೆ ಎಂದು ಕೇಳತೊಡಗಿದಳು. ಉತ್ತರಕ್ರಿಯೆ ಮಾಡೋಣವೆಂದ ನೆಂಟರನ್ನು ಬೈದು ಅಟ್ಟಿದಳು. ಸುಬ್ಬ ನೀರಿಗಿಳಿಯುವುದನ್ನೇ ಬಿಟ್ಟ. ನಾಚಿಕೆಯಿಂದ ನನಗೆ ಅನ್ನ ಸೇರುತ್ತಿರಲಿಲ್ಲ. ಕೊನೆಗೊಂದು ದಿನ ನಿಜ ಹೇಳಿಬಿಡೋಣವೆಂದು ಅವಳ ಮನೆಗೆ ಹೋದೆ.

ಹೊನ್ನಿ ಮಣೆ ಹಾಕಿ ಕೂರಿಸಿದಳು. ಬೆಲ್ಲ, ನೀರು ತಂದಿಟ್ಟಳು.

“ಆ ಕಾಗ್ದ ಬರ್ದವ್ರು ನೀವೇ ಅಂತೆ ಮಾಸ್ತರ್ರೇ. ಊರೆಲ್ಲಾ ನಮ್ಮನೆಯವ್ರು ಸತ್ರು ಅಂತದೆ. ನೀವೊಬ್ರೇ ಖರೆ ಬರ್ದದ್ದು.”

ನಾನು ನೀರು ಕುಡಿದೆ. “ಆತು ಹೊನ್ನೀ, ಬರ್ತೆ” ಎಂದು ಎದ್ದು ಬಂದೆ.