ಗಾಳಕ್ಕೆ ಹೋದ ಚಮಚ

ನನ್ನ ಗಂಡ ಬೀರೇಶನಿಗೆ ಮೀನು ಹಿಡಿಯುವ ವೀಡಿಯೋಗಳ ಹುಚ್ಚು ಹತ್ತಿದ ಮೇಲೆ ಮನೆಯಲ್ಲಿ ಒಂದು ಸಾಮಾನೂ ಇಟ್ಟ ಕಡೆ ಇರುವುದಿಲ್ಲ. ಹಲ್ಲುಜ್ಜುವ ಬ್ರಷ್ಷಿನ ಹಿಡಿ ಕತ್ತರಿಸಿ, ಉಗುರುಬಣ್ಣ ಬಳಿದು, ಕಣ್ಣು ಬರೆದು ಗಾಳಕ್ಕೆ ಕಟ್ಟಲು ಮೀನಿನ ಮರಿ ಮಾಡಿದ. ನನ್ನ ಜುಮುಕಿಯ ಮಣಿ ಕಿತ್ತ. ಜಂಗಮಕೋಟೆ ಕೆರೆಯ ಮೀನುಗಳು ಯಾವುದಕ್ಕೂ ಸೊಪ್ಪು ಹಾಕಲಿಲ್ಲ. ಇತ್ತ ರೇಷ್ಮೆ ಹುಳುಗಳು ಕೊನೆಯ ಸಲ ಪೊರೆ ಕಳಚಿ ನಾಲ್ಕನೇ ಜ್ವರ ಎದ್ದು ಬಕಬಕನೆ ಮೇಯುತ್ತಿವೆ, ಸೊಪ್ಪು ಕೊಯ್ಯಲು ನಾನೊಬ್ಬಳೇ!

ಭಾನುವಾರ ಬೆಳಗ್ಗೆ ಸಕ್ಕರೆ ಡಬ್ಬಿ ತೆರೆದರೆ ಚಮಚವಿಲ್ಲ. ಅದು ನನ್ನಮ್ಮನದು. ಎರಡು ವರ್ಷದ ಹಿಂದೆ ಅಮ್ಮ ಹೋದಾಗ ಪಾತ್ರೆಗಳನ್ನೆಲ್ಲ ಅತ್ತಿಗೆಯರು ಹಂಚಿಕೊಂಡರು. ನನಗೆ ಸಿಕ್ಕಿದ್ದು ಬಟ್ಟಲಿನ ಹಿಂಬದಿಗೆ ಅವಳ ಹೆಸರು ಕೊರೆಸಿದ ಆ ಸ್ಟೀಲ್ ಚಮಚ ಒಂದೇ.

"ಚಮಚ ಎಲ್ಲಯ್ಯಾ?"

"ಅದಾ? ಹಿಡಿ ಕತ್ತರಿಸಿ, ತೂತು ಹಾಕಿ ಗಾಳ ಕಟ್ದೆ ಕಣೇ. ನೀರಲ್ಲಿ ಹೆಂಗ್ ಮಿಂಚ್ತಿತ್ತು ಗೊತ್ತಾ! ನಿನ್ನೆ ದೊಡ್ಡ ಕೊರಮೀನು ಬಾಯಿ ಹಾಕ್ತು. ದಾರ ಕಿತ್ಕೊಂಡು ಹೋಯ್ತು, ಹಾಳಾದ್ದು."

ಸಕ್ಕರೆ ಡಬ್ಬಿಯನ್ನು ಕುಕ್ಕಿದೆ.

"ನಿನ್ ಕೈ ಸೇದೋಗ! ಮೇಲೆ ಹೆಸರಿದ್ದಿದ್ದು ಕಾಣ್ಲಿಲ್ವಾ?"

"ನೋಡೇ ತಗೊಂಡಿದ್ದು. ರಾಧಾಮಣಿ ಅಂತ ನಿನ್ ಹೆಸರಿದ್ದಿದ್ರೆ ಮುಟ್ತಿರ್ಲಿಲ್ಲಪ್ಪ. ಯಾರೋ ಅಶ್ವತ್ಥಮ್ಮಂದು. ಪಕ್ಕದ್ಮನೆ ನಾಮಕರಣದಲ್ಲಿ ನಮ್ ಪಾತ್ರೆ ಜೊತೆ ಸೇರ್ಕೊಂಡು ಬಂದಿರ್ಬೇಕು ಅಂದ್ಕೊಂಡೆ."

ಒಂದು ಕಾರ್ಯವಾದರೆ ನಾಲ್ಕು ಮನೆಯ ಪಾತ್ರೆಗಳು ಬೆರೆಯುತ್ತವೆ, ಹೆಸರು ಕೊರೆಸುವುದೇ ಅದಕ್ಕೆ. ಅದೆಲ್ಲ ಸರಿ. ಆದರೆ ಮದುವೆಯಾಗಿ ಹನ್ನೊಂದು ವರ್ಷ! "ಅತ್ತೆ, ಅತ್ತೆ" ಎನ್ನುತ್ತಾ ಅವಳ ಕೈಯ ಮುದ್ದೆ ಉಂಡವನು, ಅವಳ ತಿಥಿಯ ಕಾರ್ಡನ್ನು ಊರಿಗೆಲ್ಲ ಹಂಚಿದವನು, ಒಂದನ್ನಾದರೂ ಬಿಚ್ಚಿ ಓದಿರಲಿಲ್ಲ.

"ಅಶ್ವತ್ಥಮ್ಮ ನಮ್ಮಮ್ಮ ಕಣಯ್ಯಾ!"

ಅವನ ಮುಖ ಸಪ್ಪಗಾಯಿತು. ಮೂರು ದಿನ ಕತ್ತಿನ ತನಕ ಕೆರೆಗಿಳಿದು ತಡಕಾಡಿದ. ಕೊರಮೀನು ಅಲ್ಲೇ ಕೂತು ಕಾಯುತ್ತಿರುತ್ತದೆಯೇ? ನಾನು ಸೊಪ್ಪು ಕೊಯ್ದೆ, ಬೈದೆ, ಹುಳುಮನೆಯಲ್ಲಿ ಕೂತು ಅತ್ತೆ.

ಬುಧವಾರ ಉಸ್ಮಾನ್ ಸಾಬ್ ಬಾಗಿಲಿಗೆ ಬಂದರು. ಶಿಡ್ಲಘಟ್ಟದಲ್ಲಿ ರೇಷ್ಮೆಗೂಡಿನಿಂದ ನೂಲು ಬಿಚ್ಚುವವರು, ಬಿಡುವಾದಾಗ ನಮ್ಮ ಕೆರೆಯಲ್ಲಿ ಗಾಳ ಹಾಕುತ್ತಾರೆ. ಅಂಗೈ ಬಿಡಿಸಿದರು. ಹಿಡಿಯಿಲ್ಲದ ಚಮಚ!

"ಕೊರಮೀನು ಬಾಯಲ್ಲಿತ್ತಮ್ಮ. ಹೆಸರು ನೋಡ್ದೆ, ನಿಮ್ ತಾಯಿದೇ ಅನ್ನಿಸ್ತು. ಹದಿನೈದು ವರ್ಷ ಅವರು ಬೆಳೆದ ಗೂಡು ಮಾರ್ಕೆಟ್ಟಲ್ಲಿ ತಗೊಂಡಿದೀನಿ. ಹರಾಜಿನ ಚೀಟೀಲಿ ಪ್ರತೀ ಸಲ ಇದೇ ಹೆಸರು."

ಬೀರೇಶ ನನ್ನ ಹಿಂದೆ ತಲೆ ತಗ್ಗಿಸಿ ನಿಂತಿದ್ದ.

ಅವರು ಹೋದ ಮೇಲೆ ಕಾಫಿ ಸೋಸಿದೆ. ಅವನ ಲೋಟಕ್ಕೆ ಸಕ್ಕರೆ ಹಾಕುವ ಮುಂಚೆ ಚಮಚವನ್ನು ಅವನ ಮೂಗಿಗೆ ಹಿಡಿದೆ.

"ಓದು."

"ಅಶ್ವತ್ಥಮ್ಮ," ಎಂದ. ಲೋಟ ಮುಂದಕ್ಕೆ ಸರಿಸಿ, "ನಮ್ಮತ್ತೆ," ಎಂದ.

ಆಗ ಸಕ್ಕರೆ ಹಾಕಿದೆ. ಅರ್ಧ ತೂತಿನಿಂದ ನೆಲಕ್ಕೆ ಸುರಿಯಿತು. ಇನ್ನೊಂದು ಸಲ ಹಾಕಿದೆ, ಹಾಳಾದವನಿಗೆ.